ಕಾರುಗಳಿಗೆಲ್ಲ ಬೊಟ್ಟಿಟ್ಟ ಅತ್ತೆ

ಊರಿನವರು ಅವರನ್ನು ಕೇಳ್ವಿ ಅತ್ತೆ ಎನ್ನುತ್ತಿದ್ದರು. ಕೇಳ್ವಿ ಎಂದರೆ ತಮಿಳಿನಲ್ಲಿ ಪ್ರಶ್ನೆ. ಕಂಬಂ ಕಣಿವೆಯ ನಮ್ಮ ಮನೆಮಾತಿನ ಕನ್ನಡದಲ್ಲಿ ಅರ್ಧ ತಮಿಳೇ ಇರುವುದರಿಂದ ಆ ಹೆಸರು ಯಾರಿಗೂ ಹೊರಗಿನದೆನಿಸಲಿಲ್ಲ. ನಿಜವಾದ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಎಲ್ಲಿದ್ದರೂ ಎದ್ದು ಬಂದು, “ಯಾಕೆ ಬರ್ದೆ? ಓದೋರು ಯಾರು? ಓದಿ ಏನ್ ಮಾಡ್ತಾರೆ?” ಎಂದು ಎದುರಿಗೆ ಕೂತುಬಿಟ್ಟಾರು. ಹೋದ ತಿಂಗಳು ತೇನಿಯ ಆಸ್ಪತ್ರೆಯೊಂದರಲ್ಲಿ ತೀರಿಕೊಂಡರು. ಹಿಂದಿನ ದಿನ ಕೂಡ ಕೈಗೆ ಹಾಕಿದ್ದ ಡ್ರಿಪ್ ತೋರಿಸಿ, “ಇದ್ರೊಳಗೆ ಗಾಳಿ ಹೋಗ್ದಂಗೆ ಹೆಂಗ್ ನೋಡ್ಕೊತೀರಿ?” ಎಂದು ನರ್ಸಮ್ಮನನ್ನು ಕೇಳುತ್ತಿದ್ದರು. ಆಕೆ ಸಿಡುಕದೆ ಕೊಳವೆಯನ್ನೂ ಅದರ ತಿರುಗಣೆಯನ್ನೂ ತೋರಿಸಿ ವಿವರಿಸಿದಳು. ಅತ್ತೆ ತಲೆಯಾಡಿಸಿ, “ಸೆರಿ, ಜಾಣೆ ನೀನು” ಎಂದು ಸರ್ಟಿಫಿಕೇಟು ಕೊಟ್ಟರು.

ಅವರು ನನಗೆ ಸೋದರತ್ತೆಯಲ್ಲ. ಮಾರ್ಕಯನ್‌ಕೋಟ್ಟೈಯಲ್ಲಿ ನಮ್ಮ ಎದುರು ಮನೆಯವರು, ಅಷ್ಟೆ. ಹುಟ್ಟಿದ್ದು ಹನುಮಂತನಪಟ್ಟಿಯಲ್ಲಿ, ದ್ರಾಕ್ಷಿ ಬೆಳೆಯುವವರ ಮನೆಯಲ್ಲಿ. ಗಂಡ ಬೋಡಿಯ ಸ್ಟ್ಯಾಂಡಿನಿಂದ ಏಲಕ್ಕಿ ತೋಟದ ಆಳುಗಳನ್ನು ತುಂಬಿಕೊಂಡು ಬೆಟ್ಟದ ಮೇಲಿನ ಬೋಡಿಮೆಟ್ಟಿಗೆ ಜೀಪು ಹತ್ತಿಸುತ್ತಿದ್ದರು. ಮದುವೆಯಾದ ಮೂರನೆಯ ದಿನ ಹೆಂಡತಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟರೆ, ಹೊಸ ಹೆಂಡತಿ ನಾಚಿಕೆಯಿಂದ ತಲೆ ತಗ್ಗಿಸಿದ್ದಾಳೆ ಎಂದುಕೊಂಡರಂತೆ. ತಗ್ಗಿಸಿದ ತಲೆ ಗಂಡನ ಕಾಲ ಬುಡ ನೋಡುತ್ತಿತ್ತು. “ಕಾಲ್ ಎರಡೇ ಐತಲ್ಲ, ಮೂರ್ ಪೆಡಲ್ ಯಾಕೆ ಇಟ್ಟವ್ರೆ?” ಮದುವೆಯಾದ ಮೇಲೆ ಗಂಡನೊಂದಿಗೆ ಆಡಿದ ಮೊದಲ ದೊಡ್ಡ ಮಾತು ಅದೇ. ಆತ ಅದನ್ನು ಇಡೀ ಸ್ಟ್ಯಾಂಡಿಗೆ ಹೇಳಿಕೊಂಡು ನಕ್ಕರು. ಆದರೆ ಕ್ಲಚ್ಚು ಎಂದರೇನು ಎಂದು ಆವತ್ತೇ ಹೇಳಿಕೊಟ್ಟರು. ಆ ಒಂದು ಕಾರಣಕ್ಕೇ ನನಗೆ ಆ ಮನುಷ್ಯನ ಮೇಲೆ ಗೌರವ.

ಕೇಳುವುದಕ್ಕೆ ಮುಂಚೆ ಅತ್ತೆ ಮೂಗನ್ನು ಹಿಂಗೈಯಿಂದ ಒಂದು ಸಲ ಉಜ್ಜಿಕೊಳ್ಳುತ್ತಿದ್ದರು. ಮೂಗಿಗೆ ಕೈ ಹೋಯಿತು ಎಂದರೆ ಬಸ್ಸಿನ ಕಂಡಕ್ಟರು ಬೇರೆ ಕಡೆ ತಿರುಗಿಕೊಳ್ಳುತ್ತಿದ್ದ. ದೇವರಿಗೆ ಅಭಿಷೇಕ ಮಾಡಿದ ನೀರು ಯಾಕೆ ಯಾವಾಗಲೂ ಒಂದೇ ದಿಕ್ಕಿಗೆ ಹೋಗುತ್ತದೆ ಎಂದು ಕೇಳಿಸಿಕೊಂಡ ಪೂಜಾರಿ ನಮ್ಮ ಬೀದಿಯನ್ನೇ ಬಳಸುವುದು ಬಿಟ್ಟಿದ್ದ. ನನ್ನ ಅವ್ವನಿಗಂತೂ ಅವರನ್ನು ಕಂಡರೆ ಅರ್ಧ ಪ್ರೀತಿ, ಅರ್ಧ ತಲೆನೋವು. ಊಟಕ್ಕೆ ಕರೆದರೆ ತುತ್ತು ಬಾಯಿಗಿಡಲು ಬಿಡದೆ ಸಾರಿನ ಹುಟ್ಟು ಪೂರ್ವೋತ್ತರ ವಿಚಾರಿಸುವವರು. ಅವ್ವ ರೇಗಿದರೆ, “ಬಾಯಿದ್ದವ್ಳು ಬರಗಾಲದಾಗೂ ಬದುಕ್ತಾಳೆ ಕಣವ್ವ” ಎಂದು ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತಿದ್ದರು.

ನಾನು ಕನ್ನಡ ಅಕ್ಷರ ಕಲಿತದ್ದು ದೊಡ್ಡವಳಾದ ಮೇಲೆ, ಮೈಸೂರಿನಲ್ಲಿ ಕೆಲಸಕ್ಕಿದ್ದಾಗ. ಅದು ಗೊತ್ತಾದ ದಿನ ಅತ್ತೆ ಕಣ್ಣರಳಿಸಿ ಓಡಿ ಬಂದರು. “ಆತ್ತಾಡಿ! ನಮ್ ಮಾತ್ಗೆ ಬರಹ ಬೇರೆ ಐತಾ? ಬರಿ, ನೋಡಾನ.” ಕ್ಯಾಲೆಂಡರಿನ ಹಿಂದೆ ಅವರ ಹೆಸರು ಬರೆದು ತೋರಿಸಿದೆ. ಅರವತ್ತು ವರ್ಷ ಆಡಿದ ಮಾತಿನ ಮುಖವನ್ನು ಅವರು ಮೊದಲ ಸಲ ನೋಡುತ್ತಿದ್ದರು. ತುಂಬಾ ಹೊತ್ತು ನೋಡಿ, “ಮುರುಕು ಒತ್ತಿದಂಗೆ ಐತೆ” ಎಂದರು. ಮುರುಕು ಎಂದರೆ ಚಕ್ಕುಲಿ. ಆ ಹಾಳೆಯನ್ನು ಹರಿದುಕೊಂಡು ಹೋದರು.

ಇನ್ನು ಕಾರಿನ ವಿಷಯ. ಮೈಸೂರಿನ ಕಂಪನಿ ಬಿಟ್ಟು, ಮೊಬೈಲ್ ಆಪ್‌ಗಳನ್ನು ಸ್ವಂತವಾಗಿ ಮಾಡುತ್ತೇನೆ ಎಂದು ನಾನು ಊರಿಗೆ ಬಂದು ಕೂತಿದ್ದೆ. ಅಪ್ಪ ಒಂದು ವರ್ಷದ ಗಡುವು ಕೊಟ್ಟಿದ್ದರು: ನೆಲೆ ನಿಂತರೆ ಸರಿ, ಇಲ್ಲವಾದರೆ ಬಾಯಿ ಮುಚ್ಚಿಕೊಂಡು ಮೈಸೂರಿಗೆ. ಒಂಬತ್ತು ತಿಂಗಳು ನೊಣ ಹೊಡೆದ ಮೇಲೆ ದಿಂಡಿಗಲ್ಲಿನಿಂದ ಕರೆ ಬಂತು. ಅಲ್ಲಿ ಹಳೆಯ ಕಾರು, ಜೀಪುಗಳನ್ನು ಸಾಕಿಕೊಂಡಿರುವವರದ್ದೊಂದು ಸಂಘ. ವರ್ಷಕ್ಕೊಮ್ಮೆ ನೂಲಿನ ಗಿರಣಿಯೊಂದರ ಮೈದಾನದಲ್ಲಿ ಪ್ರದರ್ಶನ. ನೋಡಲು ಬರುವವರಿಗೆ ಇಷ್ಟು ದಿನ ಪುಟ್ಟ ಪುಸ್ತಕ ಹಂಚುತ್ತಿದ್ದರು. ಈಗ ಆಪ್ ಬೇಕಂತೆ. ಸಂಘದ ಅಧ್ಯಕ್ಷರೂ ನಮ್ಮ ಕನ್ನಡದವರೇ. “ಈ ವರ್ಷ ಪಾರ್ತೀವಮ್ಮ, ನೋಡ್ತೀವಿ. ಸೆರಿ ಬಂದ್ರೆ ವರ್ಷಾ ವರ್ಷಾ ನೀನೇ. ಬರ್ಲಿಲ್ಲ ಅಂದ್ರೆ ಪುಸ್ತಕನೇ ಸಾಕು” ಎಂದರು. ನನ್ನ ಮುಂದಿನ ಬದುಕು ಮಾರ್ಕಯನ್‌ಕೋಟ್ಟೈಯಲ್ಲೋ ಮೈಸೂರಿನಲ್ಲೋ ಎನ್ನುವುದು ಆ ಒಂದು ದಿನದ ಪ್ರದರ್ಶನದ ಮೇಲೆ ನಿಂತಿತು.

ಆಪ್‌ನ ಪರದೆಗಳನ್ನು ಮೊದಲು ಕಾಗದದ ಮೇಲೆ ಬರೆದು, ಯಾರಿಗಾದರೂ ಕೊಟ್ಟು, ಅವರ ಬೆರಳು ಎಲ್ಲಿಗೆ ಹೋಗುತ್ತದೆ ಎಂದು ನೋಡುವುದು ನಮ್ಮ ಕೆಲಸದ ಪದ್ಧತಿ. ನನಗೆ ಸಿಕ್ಕಿದವರು ಅತ್ತೆ. ಜಗಲಿಯ ಮೇಲೆ ಕಾಗದ ಹರಡಿದೆ. ಮೊದಲ ಪರದೆಯಲ್ಲಿ ಹೆಸರು, ಫೋನ್ ನಂಬರು ತುಂಬಿಸುವ ಖಾನೆಗಳು. ಅತ್ತೆಯ ಕೈ ಮೂಗಿಗೆ ಹೋಯಿತು.

“ಮನೇಗೆ ಯಾರಾನ ಬಂದ್ರೆ ನೀರ್ ಕೊಡಕ್ ಮುಂಚೆ ನಂಬರ್ ಕೇಳ್ತೀಯಾ?”

“ಇಲ್ಲ ಅತ್ತೆ, ಆದ್ರೆ ಇದು ಆಪು...”

“ಆಪಾದ್ರೆ? ಮೊದ್ಲು ಒಂದ್ ವಂಡಿ ತೋರ್ಸು, ಆಮ್ಯಾಕೆ ಕೇಳು.”

ವಂಡಿ ಎಂದರೆ ನಮ್ಮಲ್ಲಿ ಸೈಕಲ್ಲಿನಿಂದ ಲಾರಿಯವರೆಗೆ ಚಕ್ರ ಇರುವ ಎಲ್ಲವೂ. ಆ ಖಾನೆಗಳನ್ನು ಕೊನೆಗೆ ತಳ್ಳಿದೆ. ಎರಡನೆಯ ಪರದೆಯಲ್ಲಿ ಕಾರಿನ ಚಿತ್ರ, ಕೆಳಗೆ ತಯಾರಾದ ವರ್ಷ, ಎಂಜಿನ್ನಿನ ಬಲ. ಅತ್ತೆ ಮೇಲೆ ಕೆಳಗೆ ಹುಡುಕಿದರು. “ಇದು ಯಾರ್ ವಂಡಿ?” ಎಂದರು. ಅದು ನನಗೆ ಹೊಳೆದೇ ಇರಲಿಲ್ಲ. ನಮ್ಮ ಕಡೆ ಬೀದಿಯಲ್ಲಿ ಹೊಸ ವಾಹನ ಬಂದು ನಿಂತರೆ ಯಾರೂ ಅದರ ಕಂಪನಿ ಕೇಳುವುದಿಲ್ಲ. ಯಾರದು, ಯಾವೂರಿನದು ಎಂದೇ ಕೇಳುವುದು. ಯಜಮಾನರ ಹೆಸರು, ಊರು ದಪ್ಪ ಅಕ್ಷರದಲ್ಲಿ ಮೇಲೆ ಬಂತು. ಎಂಜಿನ್ನಿನ ಬಲ ಕೆಳಗಿಳಿಯಿತು. ಅದನ್ನು ನೋಡಿ ಅಧ್ಯಕ್ಷರ ಮುಖ ಅಗಲವಾಗಿದ್ದು ನನಗೆ ಈಗಲೂ ನೆನಪಿದೆ.

ನಕ್ಷೆಯದ್ದು ಇನ್ನೊಂದು ಕಥೆ. ಲೋಕದ ಎಲ್ಲ ನಕ್ಷೆಗಳ ಹಾಗೆ ನಾನೂ ಉತ್ತರವನ್ನು ಮೇಲಿಟ್ಟಿದ್ದೆ. ಅತ್ತೆ ಕಾಗದವನ್ನು ಗಿರಿಗಿರಿ ತಿರುಗಿಸಿದರು. “ಮಲೆ ಎಲ್ಲೈತೆ?” ನಮ್ಮ ಕಣಿವೆಯಲ್ಲಿ ದಾರಿ ಹೇಳುವುದು ಬೆಟ್ಟ ನೋಡಿಕೊಂಡು, ಉತ್ತರ ದಕ್ಷಿಣ ಮನೆ ಕಟ್ಟುವ ದಿನ ಮಾತ್ರ ಬೇಕಾಗುತ್ತದೆ. ದಿಂಡಿಗಲ್ಲಿನಲ್ಲಿ ಎಲ್ಲಿ ನಿಂತರೂ ಕಾಣುವುದು ಕೋಟೆಯ ಬಂಡೆ. ಬಂಡೆಯನ್ನು ನಕ್ಷೆಯ ತಲೆಗಿಟ್ಟೆ. ಆಮೇಲೆ ತಪ್ಪಿಸಿಕೊಂಡವರು ಬಂದು ಸೇರುವ ಜಾಗವೊಂದನ್ನು ಗುರುತು ಮಾಡು ಎಂದರು. ಮಕ್ಕಳಿಗಾ ಎಂದೆ. “ಮಕ್ಳು ಎಲ್ ತಪ್ಪಿಸ್ಕೊತವೆ? ಗಂಡಸ್ರು! ಒಂದ್ ಹಳೇ ಎಂಜಿನ್ ಕಂಡ್ರೆ ಹೆಂಡ್ತಿ ಬಂದವ್ಳೆ ಅನ್ನೋದೇ ಮರ್ತೋಯ್ತದೆ. ಅವ್ಳು ಪಾಪ ಎಲ್ ನಿಂತ್ಕೋಬೇಕು?” ನೆರಳು, ಕುಡಿಯುವ ನೀರು, ಬಚ್ಚಲು, ಕೂರುವ ಕಲ್ಲುಬೆಂಚು, ಎಲ್ಲ ನಕ್ಷೆಗೆ ಬಂದವು. ಮೈಸೂರಿನ ಕಂಪನಿಯಲ್ಲಿ ಆರು ವರ್ಷಕ್ಕೆ ಕಲಿತದ್ದಕ್ಕಿಂತ ಆ ಜಗಲಿಯಲ್ಲಿ ಆರು ದಿನಕ್ಕೆ ಕಲಿತೆ. ಇದನ್ನು ಉತ್ಪ್ರೇಕ್ಷೆ ಎನ್ನುವವರು ಅನ್ನಲಿ.

ಒಂದೊಂದು ಕಾರಿನ ಮುಂದೆಯೂ ಒಂದು ದಪ್ಪ ಕಾಗದದ ಚೀಟಿ ಇಡುವುದೆಂದು ಮಾಡಿದ್ದೆ. ಚೀಟಿಯ ತುಂಬ ಕ್ಯೂಆರ್ ಕೋಡ್. ನೋಡಲು ಬಂದವರು ಫೋನು ಹಿಡಿದರೆ ಆ ಕಾರಿನ ಕಥೆಯೆಲ್ಲ ತೆರೆಯಬೇಕು. ಅದೇ ಈ ಆಪ್‌ನ ಜೀವ. ಕಥೆಗಳನ್ನು ಯಜಮಾನರ ಬಾಯಿಂದ ಹೊರಡಿಸಲು ಅತ್ತೆಯನ್ನೇ ಕರೆದುಕೊಂಡು ಹೋಗಿದ್ದೆ. ನಾನು ಕೇಳಿದರೆ ಮೈಲೇಜು ಹೇಳುತ್ತಿದ್ದ ಗಂಡಸರು, ಅತ್ತೆ ಕೇಳಿದರೆ ತಂದೆ ಸತ್ತದ್ದು, ಮಗಳ ಹೆರಿಗೆಗೆ ಇದೇ ಕಾರು ಓಡಿದ್ದು, ಎಲ್ಲ ಹೇಳಿ ಕಣ್ಣೊರೆಸಿಕೊಳ್ಳುತ್ತಿದ್ದರು.

ಇಲ್ಲಿ ಒಂದು ಮಾತು ಹೇಳಬೇಕು. ಅತ್ತೆಯ ಗಂಡ ಹೋಗಿ ಆಗ ಹನ್ನೊಂದು ವರ್ಷ. ಅಂದಿನಿಂದ ಮದುವೆ, ಗೃಹಪ್ರವೇಶಗಳಲ್ಲಿ ಅವರು ಹಿಂದಿನ ಸಾಲಿನಲ್ಲಿ ಕೂರುತ್ತಿದ್ದರು. ಆರತಿ ತಟ್ಟೆ ಬರುವ ಹೊತ್ತಿಗೆ ಎದ್ದು ಅಡುಗೆಯವರ ಕಡೆ ಹೋಗಿಬಿಡುತ್ತಿದ್ದರು. ಹೋಗು ಎಂದು ಯಾರೂ ಹೇಳುತ್ತಿರಲಿಲ್ಲ. ಇರು ಎಂದೂ ಯಾರೂ ಹೇಳುತ್ತಿರಲಿಲ್ಲ. ನಾನೂ ಹೇಳಿದವಳಲ್ಲ. ಅದನ್ನು ಗಮನಿಸಿದ್ದೆನೇ ಎಂದು ಕೇಳಿದರೆ, ಇಲ್ಲ, ಗಮನಿಸಿರಲಿಲ್ಲ.

ಪ್ರದರ್ಶನ ಶನಿವಾರ. ಒಂಬತ್ತಕ್ಕೆ ರಾಹುಕಾಲ ಹಿಡಿಯುತ್ತದೆ, ಅಷ್ಟರೊಳಗೆ ಎಲ್ಲ ವಂಡಿಗಳಿಗೂ ಗಂಧ ಕುಂಕುಮ ಇಟ್ಟು ಪೂಜೆ ಮುಗಿಯಬೇಕು ಎಂದು ಯಜಮಾನರೆಲ್ಲ ಒಂದೇ ಹಟ. ಅಧ್ಯಕ್ಷರ ಹೆಂಡತಿ ಬಂದು ಮೊದಲ ಬೊಟ್ಟಿಡುವುದೆಂದು ಗೊತ್ತಾಗಿತ್ತು. ಎಂಟು ಗಂಟೆಯಾಯಿತು, ಎಂಟೂಕಾಲಾಯಿತು, ಅವರ ಕಾರು ಎಲ್ಲೋ ರೈಲ್ವೆ ಗೇಟಿನಲ್ಲಿ ಸಿಕ್ಕಿಕೊಂಡಿದೆ ಎಂದು ಫೋನು. ಅರವತ್ತೆರಡು ವಂಡಿ, ಒಂದೊಂದರ ಮುಂದೆಯೂ ಚೀಟಿ ಆಗಲೇ ಇಟ್ಟಾಗಿತ್ತು. ತಟ್ಟೆ ನನ್ನ ಕೈಗೆ ಬಂತು. ನನ್ನ ಇನ್ನೊಂದು ಕೈಯಲ್ಲಿ ಲ್ಯಾಪ್‌ಟಾಪು, ಕಂಕುಳಲ್ಲಿ ವೈರು. ಊರಿಂದ ಬೆಳಗಿನ ಬಸ್ಸಿಗೆ ಬಂದು, ತೊಳೆದ ಬಿಳಿ ಸೀರೆ ಉಟ್ಟು, ಒಂದು ಹಳೆಯ ಜೀಪಿನ ಮುಂದೆ ನಿಂತಿದ್ದ ಅತ್ತೆ ಕಂಡರು.

“ಅತ್ತೆ, ಹಿಡೀರಿ. ಒಂಬತ್ತರೊಳಗೆ ಎಲ್ಲದಕ್ಕೂ ಇಟ್ಟು ಬನ್ನಿ.”

“ನಾನಾ?”

“ಹೂಂ, ನೀವೇ. ಬೇಗ, ಬೇಗ.”

ಇದನ್ನು ಓದಿ ಯಾರಾದರೂ ನನ್ನನ್ನು ದೊಡ್ಡ ಸುಧಾರಕಿ ಎಂದುಕೊಂಡರೆ ತಪ್ಪು. ನನಗೆ ಮೂರನೆಯ ಕೈ ಇರಲಿಲ್ಲ, ಅಷ್ಟೆ. ಅತ್ತೆ ತಟ್ಟೆ ತೆಗೆದುಕೊಂಡರು. ನಾನು ವೈರು ಎಳೆದುಕೊಂಡು ಓಡಿದೆ.

ಒಂಬತ್ತಕ್ಕೆ ಐದು ನಿಮಿಷ ಇರುವಾಗ ಬಂದು ಖಾಲಿ ತಟ್ಟೆ ಕೊಟ್ಟರು. ಹಣೆಯ ತುಂಬ ಬೆವರು. “ಒಂದೂ ಬಿಟ್ಟಿಲ್ಲ” ಎಂದರು. ಹತ್ತೂವರೆಗೆ ಬಾಗಿಲು ತೆರೆಯಿತು. ಅಧ್ಯಕ್ಷರು ಊರಿನ ಗಣ್ಯರನ್ನೂ ಪತ್ರಿಕೆಯವರನ್ನೂ ಕರೆದುಕೊಂಡು ಮೊದಲ ಕಾರಿನ ಮುಂದೆ ನಿಂತು, ಜಂಬದಿಂದ ಫೋನು ತೆಗೆದು ಚೀಟಿಗೆ ಹಿಡಿದರು. ಏನೂ ಆಗಲಿಲ್ಲ. ಹತ್ತಿರ ಹಿಡಿದರು, ದೂರ ಹಿಡಿದರು, ಕನ್ನಡಕ ಏರಿಸಿದರು. “ಏನಮ್ಮ ಇದು, ಓದ್ತಾನೇ ಇಲ್ವೇ?”

ಓಡಿ ಹೋಗಿ ನೋಡಿದೆ. ಈ ಕೋಡಿನ ಮೂರು ಮೂಲೆಗಳಲ್ಲಿ ಮೂರು ಕಪ್ಪು ಚೌಕಗಳಿರುತ್ತವೆ. ಫೋನು ಮೊದಲು ಹುಡುಕುವುದೇ ಅವನ್ನು. ಅವು ಕಾಣದಿದ್ದರೆ ಉಳಿದದ್ದು ಅದಕ್ಕೆ ಬರೀ ಚುಕ್ಕೆ. ಆ ಮೂರೂ ಚೌಕಗಳ ಮೇಲೆ ದುಂಡಗೆ, ದಪ್ಪಗೆ ಗಂಧ, ಗಂಧದ ನಡುವೆ ಕುಂಕುಮ. ಲಗ್ನಪತ್ರಿಕೆಯ ಮೂಲೆಗೆ ಅರಿಶಿನ ಹಚ್ಚುವ ಕೈಗೆ, ಮೂಲೆಯಲ್ಲಿ ಅಳತೆ ಮಾಡಿ ಇಟ್ಟಂತಿದ್ದ ಆ ಚೌಕಗಳು ಇನ್ನೇನಾಗಿ ಕಂಡಾವು? ನಾಲ್ಕನೆಯ ಮೂಲೆಯಲ್ಲಿ ಚೌಕವಿಲ್ಲ. ಅಲ್ಲಿ ನಾನು ಮರೆತಿದ್ದೇನೆಂದು ಅವರೇ ಅಂದಾಜು ಮಾಡಿ ಇಟ್ಟಿದ್ದರು. ಎರಡನೆಯ ಕಾರು, ಮೂರನೆಯ ಕಾರು, ಎಲ್ಲದಕ್ಕೂ ಹಾಗೇ. ಹೇಳಿದ ಹಾಗೆ, ಒಂದೂ ಬಿಟ್ಟಿರಲಿಲ್ಲ.

“ಗಂಧ ಮೆತ್ತಿಕೊಂಡಿದೆ” ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟು ಹೊತ್ತಿಗೆ ಬಂದು ಸೇರಿದ್ದ ಅಧ್ಯಕ್ಷರ ಹೆಂಡತಿ ಚೀಟಿಗೆ ಬಗ್ಗಿ ನೋಡಿ, ಮೆಲ್ಲಗೆ, ಆದರೆ ಹತ್ತು ಜನಕ್ಕೆ ಕೇಳುವ ಹಾಗೆ ಹೇಳಿದರು: “ಪೊಟ್ಟು ಇಟ್ಟಿದ್ದು ಯಾರು? ಆ ಬಿಳಿ ಸೀರೆಯಮ್ಮನಾ? ಮುತ್ತೈದೆ ಇಲ್ದೆ ಮಾಡಿದ್ರೆ ಇನ್ನೇನಾಯ್ತದೆ.”

ನಾಲಿಗೆ ಒಳಗೆಳೆದುಕೊಂಡೆ. ಗಂಧದಿಂದ ಎಂದರೆ ಅತ್ತೆಯ ಕೈಯಿಂದ ಎಂದಂತೆ. ಚೌಕ, ಮೂಲೆ ಎಂದು ನಾನು ಎಷ್ಟೇ ಬಡಬಡಿಸಿದರೂ ಆ ಹತ್ತು ಜನ ಮನೆಗೆ ಹೊತ್ತುಕೊಂಡು ಹೋಗುವುದು ಒಂದೇ ಮಾತು. ಅತ್ತೆ ಇಪ್ಪತ್ತು ಹೆಜ್ಜೆ ಆಚೆ, ಯಾರದೋ ಡಿಕ್ಕಿಯೊಳಗೆ ಬಗ್ಗಿ ಸ್ಟೆಪ್ನಿ ನೋಡುತ್ತಿದ್ದರು.

“ನನ್ನ ತಪ್ಪು ಸಾರ್” ಎಂದೆ. “ಚೀಟಿಗಳ ಪ್ರಿಂಟು ಕೆಟ್ಟಿದೆ. ಪೂಜೆಗೂ ಇದಕ್ಕೂ ಸಂಬಂಧ ಇಲ್ಲ.”

ಅಧ್ಯಕ್ಷರು ಗಣ್ಯರ ಮುಂದೆ ನನ್ನನ್ನು ಬೈಯಲಿಲ್ಲ. ಫೋನು ಜೇಬಿಗಿಳಿಸಿ, ಅವರನ್ನು ಮುಂದಿನ ಕಾರಿನ ಕಡೆ ಕರೆದುಕೊಂಡು ಹೋದರು. ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಗೆ ಓಡಿ, ಅರವತ್ತೆರಡು ಹೊಸ ಚೀಟಿ ತೆಗೆಸಿ, ಗಾಜಿಗೆ ಅಂಟಿಸುವ ಹೊತ್ತಿಗೆ ಮಧ್ಯಾಹ್ನ ಒಂದಾಗಿತ್ತು. ಮೊದಲು ಬಂದ ಜನ ನೋಡಿಕೊಂಡು ಹೋಗಿಯಾಗಿತ್ತು. ಸಂಜೆ ಅಧ್ಯಕ್ಷರು, “ಬರೋ ವರ್ಷ ಪುಸ್ತಕನೇ ಮಾಡ್ತೀವಮ್ಮ” ಎಂದರು. ಅಪ್ಪನಿಗೆ ಏನು ಹೇಳಬೇಕೆಂದು ನಾನು ಮನಸ್ಸಿನಲ್ಲೇ ವಾಕ್ಯ ಕೂಡಿಸತೊಡಗಿದೆ.

ಬಸ್ಸಿನಲ್ಲಿ ಅತ್ತೆ ನನ್ನ ಪಕ್ಕ ಕೂತರು. ಅವರ ಮುಖದಲ್ಲಿ ನಾನು ಹಿಂದೆಂದೂ ನೋಡದ ಒಂದು ಕಳೆ ಇತ್ತು. ಯಾವ ವಂಡಿಯ ಸ್ಟೀರಿಂಗಿಗೆ ಎಷ್ಟು ಕಡ್ಡಿ, ಯಾವುದರ ಹಾರ್ನು ರಬ್ಬರಿನದು ಎಂದು ಬಸ್ಸು ವತ್ತಲಗುಂಡು ಮುಟ್ಟುವವರೆಗೆ ಹೇಳಿದರು. ಆಮೇಲೆ, “ಯಾಕ್ ಮಗ, ಬೆಳಿಗ್ಗೆ ಏನಾಯ್ತು?” ಎಂದರು. ಪ್ರಿಂಟು ತಪ್ಪಾಗಿತ್ತು ಎಂದೆ. ಮೂಗು ಉಜ್ಜಿಕೊಂಡರು. ಆದರೆ ಏನೂ ಕೇಳದೆ, ಉಳಿದಿದ್ದ ಚೀಟಿಯೊಂದನ್ನು ನೆನಪಿಗೆ ಕೊಡು ಎಂದು ಇಸಿದುಕೊಂಡರು.

ಹತ್ತು ದಿನ ಕಳೆದಿರಬೇಕು. ಮೈಸೂರಿಗೆ ಅರ್ಜಿ ಬರೆಯುತ್ತಾ ಕೂತಿದ್ದೆ. ಎದುರು ಮನೆಯಿಂದ ಕೂಗಿದರು. ಹೋದರೆ ಜಗಲಿಯ ಮೇಲೆ ಆ ಚೀಟಿ, ಪಕ್ಕದಲ್ಲಿ ಸುಲಿದ ಬೆಳ್ಳುಳ್ಳಿ ಎಸಳು, ಕೈಯಲ್ಲಿ ಅವರ ಫೋನು.

“ನೋಡು. ಬರೀ ಚೀಟಿ, ಓದ್ತದೆ.” ಓದಿತು. “ನಡುವ್ಕೆ ಒಂದ್ ಎಸಳು ಇಡ್ತೀನಿ. ಓದ್ತದೆ.” ಅದೂ ಓದಿತು. “ಈಗ ಈ ಮೂಲೆ ಡಬ್ಬಿ ಮೇಲೆ ಇಡ್ತೀನಿ.” ಇಟ್ಟರು. ಫೋನು ಸುಮ್ಮನಾಯಿತು. “ಓದಾಕಿಲ್ಲ. ಮೂರ್ರಲ್ಲಿ ಯಾವ್ದ್ ಮುಚ್ಚಿದ್ರೂ ಓದಾಕಿಲ್ಲ. ನಾಲ್ಕು ದಿನದಿಂದ ನೋಡ್ತಾ ಇವ್ನಿ.” ತಲೆಯೆತ್ತಿ ನನ್ನನ್ನೇ ದಿಟ್ಟಿಸಿದರು. “ಆವತ್ತು ನಿನ್ ಆಪ್ ಕೆಡ್ಸಿದ್ದು ನಾನು. ಪ್ರಿಂಟ್ ಅಂತ ಯಾಕ್ ಸುಳ್ ಹೇಳ್ದೆ?”

ಅತ್ತೆಯ ಮುಂದೆ ಒಮ್ಮೆ ಸಿಕ್ಕಿಬಿದ್ದರೆ ಮುಗಿಯಿತು. ಅಧ್ಯಕ್ಷರ ಹೆಂಡತಿ ಆಡಿದ ಮಾತನ್ನು ಹೇಳಿಬಿಟ್ಟೆ. ಹೇಳುವಾಗ ನನಗೆ ಅಳು ಬಂತು, ಅವರಿಗೆ ಬರಲಿಲ್ಲ. ಎಸಳುಗಳನ್ನು ಒಂದೊಂದಾಗಿ ಹೆಕ್ಕಿ ಸೆರಗಿನ ತುದಿಗೆ ಕಟ್ಟಿಕೊಂಡರು. “ನಾಳೆ ದಿಂಡಿಗಲ್‌ಗೆ ಹೋಗಾನ” ಎಂದರು. ಬೇಡ ಅತ್ತೆ, ಮತ್ತೆ ಏನಾದರೂ ಅಂದುಬಿಡುತ್ತಾರೆ ಎಂದೆ. “ಅನ್ನೋ ಬಾಯಿ ಅವ್ರದು. ನಿನ್ ಕೆಲ್ಸ ಯಾಕ್ ಹೋಗ್ಬೇಕು?”

ಅಧ್ಯಕ್ಷರ ಮನೆಯ ನಡುಮನೆಯಲ್ಲಿ ನಮಗೆ ಕಾಫಿ ಬಂತು. ಅತ್ತೆ ಮುಟ್ಟಲಿಲ್ಲ. ಸುತ್ತು ಬಳಸದೆ, “ತಲೈವರೇ, ಆವತ್ತು ಚೀಟಿ ಕೆಟ್ಟಿದ್ದು ಈ ಮಗೀಂದ ಅಲ್ಲ, ನನ್ ಪೊಟ್ಟಿಂದ” ಎಂದರು. ಅಧ್ಯಕ್ಷರ ಹೆಂಡತಿ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು. ನಾನು ಹೇಳಿರಲಿಲ್ಲವೇ ಎನ್ನುವ ಹಾಗಿತ್ತು ಆ ಕೂರುವಿಕೆ. ಅತ್ತೆ ಅವರ ಕಡೆಗೇ ತಿರುಗಿ, ಚೀಟಿಯೊಂದನ್ನು ಮುಂದಿಟ್ಟರು.

“ತಾಯಿ, ನಿಮ್ ಮನೆ ಸಂದನ, ನಿಮ್ ಕುಂಕುಮ ತರ್ಸಿ. ನಿಮ್ ಕೈಯಾರ ಇಲ್ಲಿ ಇಡಿ.”

ಒಳಗಿನಿಂದ ಬೆಳ್ಳಿಯ ಭರಣಿ ಬಂತು. ಕೈ ತುಂಬ ಬಳೆ, ಕೊರಳಲ್ಲಿ ತಾಳಿ, ಹಣೆಯಲ್ಲಿ ಕುಂಕುಮ, ಎಲ್ಲ ಇದ್ದ ಆ ಮುತ್ತೈದೆ, ಅತ್ತೆ ತೋರಿಸಿದ ಚೌಕದ ಮೇಲೆ ತಮ್ಮ ಉಂಗುರ ಬೆರಳಿನಿಂದ ಗಂಧ ಇಟ್ಟು, ಮೇಲೆ ಕುಂಕುಮ ಇಟ್ಟರು.

“ಈಗ ನಿಮ್ ಫೋನಲ್ಲೇ ಪಾರುಂಗೊ.”

ಅವರ ದೊಡ್ಡ ಫೋನು ಹತ್ತಿರ ಹೋಯಿತು, ದೂರ ಹೋಯಿತು. ಓದಲಿಲ್ಲ. ಅತ್ತೆ ನನ್ನ ಚೀಲದಿಂದ ಇನ್ನೊಂದು ಚೀಟಿ ತೆಗೆಸಿ, ತಮ್ಮ ಬೆರಳಿನಿಂದ ಚೀಟಿಯ ನಟ್ಟನಡುವೆ ಸಣ್ಣದೊಂದು ಬೊಟ್ಟಿಟ್ಟರು. “ಇದು ನನ್ ಕೈಯಿ. ಈಗ ಪಾರುಂಗೊ.” ಫೋನಿನ ತುಂಬ ಅಧ್ಯಕ್ಷರ ತಂದೆಯ ಕಾರು ತೆರೆದುಕೊಂಡಿತು, ಮೇಲೆ ದಪ್ಪ ಅಕ್ಷರದಲ್ಲಿ ಅವರ ಮನೆತನದ ಹೆಸರು. “ಅದು ಕೈ ನೋಡ್ತಾ ಇಲ್ಲ ತಾಯಿ, ಜಾಗ ನೋಡ್ತಾ ಐತೆ” ಎಂದರು ಅತ್ತೆ. ದನಿಯಲ್ಲಿ ಒಂದಿಷ್ಟೂ ಸಿಟ್ಟಿರಲಿಲ್ಲ. ತಿಳಿದುಕೊಂಡದ್ದನ್ನು ತಿಳಿಸಿದರು, ಅಷ್ಟೆ.

ಅಧ್ಯಕ್ಷರು ಹೊಟ್ಟೆ ಕುಲುಕಿಸಿ ನಕ್ಕರು. ಅವರ ಹೆಂಡತಿ ನಗಲಿಲ್ಲ. ತಣ್ಣಗಾಗಿದ್ದ ಕಾಫಿಯನ್ನು ತಾವೇ ಎತ್ತಿಕೊಂಡು ಹೋಗಿ ಬಿಸಿ ಮಾಡಿ ತಂದು ಅತ್ತೆಯ ಕೈಗೆ ಕೊಟ್ಟರು. ಅದು ಕ್ಷಮೆಯೋ, ಬರೀ ಕಾಫಿಯೋ ನನಗೆ ಗೊತ್ತಿಲ್ಲ. ಅತ್ತೆ ಒಂದೇ ಗುಟುಕಿಗೆ ಕುಡಿದು, ಇದಕ್ಕೆ ಚಿಕೋರಿ ಎಷ್ಟು ಹಾಕುತ್ತೀರಿ ಎಂದು ಕೇಳಿದರು. ನಾನು ಏಳುವಾಗ ಅಧ್ಯಕ್ಷರು, “ಬರೋ ವರ್ಷ ಚೀಟಿ ಮೇಲೆ ಪೊಟ್ಟಿಗೆ ಜಾಗ ಬಿಟ್ಟು ಮಾಡಮ್ಮ” ಎಂದರು. ಬರುವ ವರ್ಷ! ಅಷ್ಟು ಸಾಕಾಗಿತ್ತು. ಈಗ ಮೂರು ವರ್ಷದಿಂದ ಆ ಚೀಟಿಗಳ ತಲೆಯ ಮೇಲೆ ಎರಡು ಬೆರಳಗಲ ಖಾಲಿ ಬಿಡುತ್ತೇನೆ. ಬೇರೆ ಊರಿನ ಡಿಸೈನಿನವರು ಅದೇನು ದಂಡದ ಜಾಗ ಎನ್ನುತ್ತಾರೆ.

ಆವತ್ತು ವಾಪಸು ಬರುವಾಗ ಬಸ್ಸು ಪೆರಿಯಕುಳಂ ದಾಟಿತ್ತು. ಪಡುವಣ ಬೆಟ್ಟದ ಹಿಂದೆ ಬಿಸಿಲು ಇಳಿಯುತ್ತಿತ್ತು. ನನಗೆ ಖುಷಿಯಲ್ಲಿ ನಾಲಿಗೆ ಸಡಿಲವಾಗಿತ್ತು. ಈ ಹತ್ತು ದಿನ ನನ್ನನ್ನು ಕೊರೆಯುತ್ತಿದ್ದುದನ್ನು ಕೇಳಿಯೇಬಿಟ್ಟೆ.

“ಅಲ್ಲ ಅತ್ತೆ, ಕಂಡಕ್ಟರನ್ನ ಬಿಡಲ್ಲ, ಪೂಜಾರೀನ ಬಿಡಲ್ಲ ನೀವು. ಆವತ್ತು ‘ಮಗ, ಈ ಚೀಟೀಲಿ ಎಲ್ಲಿ ಇಡ್ಲಿ’ ಅಂತ ಒಂದೇ ಒಂದು ಮಾತು ನನ್ನ ಕೇಳಬಾರದಿತ್ತಾ?”

ಅತ್ತೆ ಕಿಟಕಿಯ ಕಡೆ ಮುಖ ಮಾಡಿದ್ದರು.

“ಕೇಳಾನ ಅಂತ ನಿನ್ ಹತ್ರ ಬಂದೆ ಮಗ, ಎರಡ್ ಸಲ. ನೀನು ವೈರ್ ಎಳೀತಿದ್ದೆ. ಕೇಳಿದ್ರೆ ನೀನು ನಿಂತು ಯೋಚ್ನೆ ಮಾಡ್ತಿದ್ದೆ. ಯೋಚ್ನೆ ಮಾಡಿದ್ರೆ, ನನ್ ಕೈಯಿಂದ ತಟ್ಟೆ ವಾಪಸ್ ಇಸ್ಕೊತಿದ್ದೆ.”